ಭಾರ ಅನ್ನಬಾರದಂತೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ಹನ್ನೊಂದು, ಸಂಜೆ

ನನ್ನ ಮಗಳ ಅಪ್ಪನಿಗೆ ನಮಸ್ಕಾರ.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಆ ಕೆಮ್ಮು ಹೋಯಿತಾ? ಚೆನ್ನಾಗಿದ್ದೇನೆ ಎಂದೇ ಬರೆಯುತ್ತೀರಿ, ಗೊತ್ತು. ಬಿಸಿನೀರು ಕುಡಿಯಿರಿ. ಪ್ರೀತಿಯ ಮಾತು ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದನ್ನೆಲ್ಲ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಕೂತು ಓದಿ.

ಈ ವಾರ ನನ್ನ ಶಿಶುವಿಹಾರದ ಮಕ್ಕಳಿಗೆ ಭಾರ, ಹಗುರದ ಪಾಠ. ಪುಸ್ತಕದಲ್ಲಿ ಆನೆ, ಇರುವೆಯ ಚಿತ್ರ ಇದೆ. ಅದನ್ನು ನೋಡಿದ ಮಕ್ಕಳು ದೊಡ್ಡದೆಲ್ಲ ಭಾರ ಅಂದುಕೊಳ್ಳುತ್ತಾರೆ, ಅದಕ್ಕೇ ಪುಸ್ತಕ ಮುಚ್ಚಿಸಿದೆ. ಒಬ್ಬೊಬ್ಬರನ್ನೇ ಕರೆದು, ಕಣ್ಣು ಮುಚ್ಚಿಸಿ, ಒಂದು ಕೈಗೆ ಕಬ್ಬಿಣದ ಬೀಗ, ಇನ್ನೊಂದಕ್ಕೆ ಖಾಲಿ ರಟ್ಟಿನ ಡಬ್ಬ ಕೊಟ್ಟು, ಯಾವ ಕೈ ಕೆಳಗೆ ಹೋಗುತ್ತಿದೆ ಎಂದು ಕೇಳಿದೆ. ಎಲ್ಲರೂ ಸರಿಯಾಗಿಯೇ ಹೇಳಿದರು. ಆಮೇಲೆ ನಿಮ್ಮ ಮುದ್ದಿನ ಚಿಣ್ಣಿ ಬಂದಳು. ಬೀಗ ಹಿಡಿದ ಕೈ ಸೊಂಟದವರೆಗೆ ಇಳಿದಿದೆ, "ಎರಡೂ ಹಗುರ" ಎಂದಳು. ಮತ್ತೆ ಕೇಳಿದೆ. "ಹಗುರ ಅಂದ್ನಲ್ಲ ಟೀಚರ್" ಎಂದಳು. (ಶಾಲೆಯಲ್ಲಿ ನಾನು ಅಮ್ಮ ಅಲ್ಲ, ಅಷ್ಟು ಜಾಣೆ.) ಯಾಕೆ ಎಂದರೆ, "ಭಾರ ಅಂತ ಬಾಯಲ್ಲಿ ಅನ್ನಬಾರ್ದು. ಅಂದ್ರೆ ಮೆಟ್ಟಿಲ ಮೇಲೆ ಕೈ ಜಾರುತ್ತೆ. ಅಪ್ಪ ಹೇಳಿದಾರೆ" ಎಂದಳು.

ಊರೂರಿನ ಬೀರು, ಮಂಚ ಹೊತ್ತು ಮನೆ ಬದಲಿಸಿಕೊಡುವವರು ನೀವು. ಮೆಟ್ಟಿಲು ಇಳಿಯುವಾಗ ಎಂಥ ಸಾಮಾನಾದರೂ "ಹಗುರ, ಹಗುರ" ಎಂದು ಒಬ್ಬರಿಗೊಬ್ಬರು ಕೂಗಿಕೊಳ್ಳುವ ನಿಮ್ಮ ಪದ್ಧತಿ ನನಗೂ ಗೊತ್ತು. ಅದು ನಿಮ್ಮ ಲಾರಿಯ ಹತ್ತಿರ ಇರಲಿ, ಐದು ವರ್ಷದ ಮಗುವಿನ ತಲೆಗೆ ಯಾಕೆ ತುಂಬಿದಿರಿ? ಕಳೆದ ಸಲ ಬಂದಾಗ ಗ್ಯಾಸ್ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ, "ಹೂವು ಕಣೇ ಇದು" ಎಂದು ಅಂಗಳದಲ್ಲೆಲ್ಲ ಕುಣಿದಿರಲ್ಲ, ಅವತ್ತೇ ಶುರುವಾಯಿತು ಇದು. ಈಗ ಇಡೀ ತರಗತಿ ಅವಳ ಪಾರ್ಟಿ. ಮರಳು ಚೀಲ ಎತ್ತಲಾರದೆ ಮುಖ ಕೆಂಪಗೆ ಮಾಡಿಕೊಂಡು, ತಿಣುಕುತ್ತ, "ಹಗುರ! ಹಗುರ!" ಎಂದು ಕೂಗುತ್ತವೆ. ನನಗೂ ನಗು ಬಂತು, ಸುಳ್ಳು ಹೇಳಲಾರೆ. ಹೆಡ್‌ಮಿಸ್ಸು ಬಾಗಿಲಲ್ಲಿ ನಿಂತು ಇದೆಂಥ ಪಾಠ ಎಂದು ಎಲ್ಲರೆದುರು ನನಗೆ ಮಂಗಳಾರತಿ ಎತ್ತಿದರು.

ನನ್ನ ನಗು ಹಾರಿಹೋದದ್ದು ನಿನ್ನೆ. ಸ್ನಾನ ಮಾಡಿಸುವಾಗ ನೋಡಿದರೆ ಚಿಣ್ಣಿಯ ಕಾಲಿನ ಹೆಬ್ಬೆರಳು ಬಾತಿದೆ, ಉಗುರು ಕಪ್ಪಾಗಿದೆ. ಇಸ್ತ್ರಿಪೆಟ್ಟಿಗೆಯನ್ನು ಮೇಜಿನಿಂದ ಇಳಿಸಲು ಹೋಗಿ ಕಾಲ ಮೇಲೆ ಹಾಕಿಕೊಂಡಿದ್ದಾಳೆ. ಅದೂ ಹಿಂದಿನ ದಿನ! ಆ ಕಾಲನ್ನೇ ಬೂಟಿಗೆ ತುರುಕಿಕೊಂಡು ಶಾಲೆಗೆ ಬಂದಿದ್ದಾಳೆ, ತುಟಿ ಪಿಟಕ್ಕೆನ್ನದೆ. "ನೋವಾಗ್ಲಿಲ್ವೇನೇ?" ಎಂದರೆ, "ಅಪ್ಪ ಅಳ್ತಾರಾ?" ಎಂದು ನನ್ನನ್ನೇ ಕೇಳಿದಳು. ಇದಕ್ಕೆ ನೀವು ಧೈರ್ಯ ಎನ್ನುತ್ತೀರೇನೋ, ನನಗಂತೂ ಮೈ ಉರಿಯುತ್ತಿದೆ. ಉಗುರು ಬಿದ್ದು ಹೊಸದು ಬರುತ್ತದೆ ಎಂದರು ಡಾಕ್ಟರು. ಉಗುರು ಬರುತ್ತದೆ ರೀ, ನೋವಾದರೆ ನನ್ನ ಹತ್ತಿರ ಓಡಿಬರುತ್ತಿದ್ದ ಮಗು ಬರುತ್ತದೆಯೇ? ನಾಳೆ ಜ್ವರ ಬಂದರೂ ಹೀಗೇ ಬಚ್ಚಿಟ್ಟರೆ ನಾನು ಏನು ಮಾಡಲಿ? ನಾನು ಎಷ್ಟು ತಿಳಿಹೇಳಿದರೂ ತಲೆಗೆ ಹಾಕಿಕೊಳ್ಳುತ್ತಿಲ್ಲ. ಕೆಡಿಸಿದವರು ನೀವು, ನೀವೇ ಸರಿಮಾಡಿ.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಚಿಣ್ಣಿ ಮುತ್ತು ಕಳಿಸಿದ್ದಾಳೆ. ನಾನು ಏನೂ ಕಳಿಸುತ್ತಿಲ್ಲ.

ಇಂತಿ,
ನಿಮ್ಮವಳೇ, ಬೇರೆ ಗತಿ ಇಲ್ಲವಲ್ಲ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮ ಲಾರಿಯ ಡ್ರೈವರಣ್ಣ ಬಂದರು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದರು. ಬೀರು ಸಮೇತ ಮೆಟ್ಟಿಲಿಂದ ಬಿದ್ದಿರಂತೆ, ಹೋದ ವಾರದಿಂದ ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಂತೆ, "ಮನೇಲಿ ಹೇಳ್ಬೇಡ" ಅಂದಿರಂತೆ. ಎಷ್ಟು ಕೊಬ್ಬು ನಿಮಗೆ! ಬೆಳಿಗ್ಗೆ ಅದೇ ಲಾರಿಯಲ್ಲಿ ನಾನೂ ಚಿಣ್ಣಿಯೂ ಬರುತ್ತಿದ್ದೇವೆ. ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ನಿಮ್ಮ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೇ ಕೂರುತ್ತೇನೆ. ಆಮೇಲೆ ಮಗಳನ್ನು ಒಳಗೆ ಕರೆಯುತ್ತೇನೆ. ಏನೂ ಆಗಿಲ್ಲ ಅಂತ ನಕ್ಕೀರಿ, ಜೋಕೆ. ಎಲ್ಲಿ ನೋಯುತ್ತದೋ ಅವಳಿಗೆ ತೋರಿಸಿ, ಅವಳ ಮುಂದೆ ಗಟ್ಟಿಯಾಗಿ ಅಳಿ.