ಹತ್ತೊಂಬತ್ತು ವರ್ಷದ ಹೊಸಬ

ಮಾನ್ಯ ಸಂಸತ್ ಸದಸ್ಯರ ಸನ್ನಿಧಿಗೆ,

ತಮ್ಮ ಸಭಾಂಗಣದ ಕಸ ಗುಡಿಸುವ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ನಿನ್ನೆ ಕನಿಷ್ಠ ಕೂಲಿಯ ಚರ್ಚೆಯಲ್ಲಿ ತಾವು ಬಾಗಿಲ ಬಳಿ ನಿಂತಿದ್ದ ನನ್ನತ್ತ ಕೈತೋರಿಸಿ, "ಈ ಹಿರಿಯರು ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ದುಡಿಯುತ್ತಿದ್ದಾರೆ" ಎಂದಿರಿ. ಸದಸ್ಯರೆಲ್ಲ ಮೇಜು ಕುಟ್ಟಿದರು. ವಿಷಯ ತಿಳಿದು ನನ್ನಾಕೆ, "ಸಾಹೇಬ್ರೇ ಹೇಳಿದ್ಮೇಲೆ ಪಿಂಚಣಿ ಬಂದ ಹಾಗೇ ಬಿಡಿ" ಎಂದು ಹಿಗ್ಗಿದಳು.

ಆದರೆ ಹಾಜರಿ ಪುಸ್ತಕದ ಪ್ರಕಾರ ನಾನು ಸೇರಿ ಎಂಟೇ ತಿಂಗಳಾಗಿದೆ. ಗುತ್ತಿಗೆದಾರರು ಹನ್ನೊಂದು ತಿಂಗಳಿಗೊಮ್ಮೆ ನಮ್ಮನ್ನು ಒಂದು ದಿನ ಬಿಡಿಸಿ, ಮರುದಿನ ಹೊಸಬರೆಂದು ಬರೆದುಕೊಳ್ಳುತ್ತಾರೆ. "ಬನ್ನಿ ಹೊಸ ಅಳಿಯಂದ್ರೇ, ಪೊರಕೆ ಹಿಡಿಯೋಕೆ ಬರುತ್ತಾ?" ಎಂದು ಜೊತೆಗೆ ಗುಡಿಸುವಾಕೆ ಪ್ರತಿಸಲವೂ ನಗಿಸುತ್ತಾಳೆ.

ಮುಂದಿನ ತಿಂಗಳು ನನಗೆ ಅರವತ್ತು ತುಂಬುತ್ತದೆ. ಹೊಸಬನಿಗೆ ಪಿಂಚಣಿಯಿಲ್ಲವೆಂದು ಕಚೇರಿಯವರು ತಿಳಿಸಿರುತ್ತಾರೆ.

ಸದನದಲ್ಲಿ ಆಡಿದ ಮಾತು ಸುಳ್ಳಾಗಬಾರದೆಂದು ಕೇಳಿಬಲ್ಲೆ. ಆದಕಾರಣ ತಾವು ಹಾಜರಿ ಪುಸ್ತಕವನ್ನು ತಿದ್ದಿಸಬೇಕು, ಇಲ್ಲವೇ ತಮ್ಮ ಮಾತನ್ನು ಹಿಂಪಡೆಯಬೇಕು. ಎರಡನೆಯದಾದರೆ ದಯವಿಟ್ಟು ಮೊದಲೇ ತಿಳಿಸಬೇಕಾಗಿ ಕೋರುತ್ತೇನೆ. ಆ ದಿನ ನಾನು ಬಾಗಿಲ ಬಳಿ ನಿಲ್ಲುವುದಿಲ್ಲ.

ಇಪ್ಪತ್ತೊಂದನೆಯ ಸಲ ಹೊಸದಾಗಿ ಸೇರಿರುವ,
ತಮ್ಮ ವಿಧೇಯ ಕಸ ಗುಡಿಸುವವ