ಪಕ್ಕದ ಕೋಣೆಗೆ ಬಾಗಿಲು

ಮನೆಯಿಂದ, ಹಿಂದಿನ ಕೋಣೆ
(ಮುಂದಿನ ಕೋಣೆಯಲ್ಲಿ ಧೂಳಿಗೆ ಬಿಟ್ಟು ಬೇರೆಯವರಿಗೆ ಜಾಗವಿಲ್ಲ)
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಹುಡುಗೀ,

ಪುಟ್ಟಿಯ ಕೆಮ್ಮು ಹೇಗಿದೆ? ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ನಿನ್ನನ್ನು ಹುಡುಗಿ ಅಂತಲೇ ಕರೆದು ಅಭ್ಯಾಸ. ಈಗ ನಿನ್ನ ಮಗಳೇ ಶಾಲೆಗೆ ಹೋಗುತ್ತಿದ್ದರೂ ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಮಲಗುವ ಮುಂಚೆ ಅವಳಿಗೆ ಬಿಸಿನೀರು ಕುಡಿಸು. ಬೇಡ ಅಂದರೆ ಅಜ್ಜಿಯ ಅಪ್ಪಣೆ ಅನ್ನು. ನಿನ್ನ ಸೊಂಟನೋವು ಕಡಿಮೆಯಾಯಿತೇ? ಇಡೀ ದಿನ ನಿಂತುಕೊಂಡು ಔಷಧಿ ಡಬ್ಬಿ ತುಂಬುವ ಕೆಲಸ, ನಡುನಡುವೆ ಸ್ವಲ್ಪ ಕೂತುಕೋ. ಅಷ್ಟಕ್ಕೆಲ್ಲ ಕಾರ್ಖಾನೆ ಮುಳುಗುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಾವನ ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಒಂದು ರಾಗ, ಇಳಿಯುವಾಗ ಒಂದು ರಾಗ ಹಾಡುತ್ತದೆ.

ಮನೆಯ ಮುಂದಿನ ಗೋಡೆಯನ್ನು ಪೂರ್ತಿ ಕೆರೆದು ಹಾಕಿದ್ದಾರೆ. ಅದು ತೇವ ಹಿಡಿದು ಉಬ್ಬುವುದು, ನಿನ್ನ ಮಾವ ಅದರ ಮೇಲೆ ಬಣ್ಣ ಬಳಿಸುವುದು ಪ್ರತಿ ವರ್ಷ ನೀನೂ ನೋಡಿದ್ದೇ. ಒಳಗಿರುವುದು ಹಳೇ ಸುಣ್ಣದ ಗಾರೆ, ಮೇಲೆ ಸಿಮೆಂಟು ಮೆತ್ತಿ ನೀರು ಹೊರಗೆ ಬರುವ ದಾರಿಯನ್ನೇ ಮುಚ್ಚಿದ್ದಾರೆ ಅಂತ ಮೇಸ್ತ್ರಿ ಹೇಳಿದ. ಅಷ್ಟಕ್ಕೆ ಸುಮ್ಮನಾಗದೆ, "ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ? ಅವನ ಕೈಗೆ ಕರಣೆ ಕೊಟ್ಟೋರನ್ನ ಅನ್ಬೇಕು" ಅಂತ ಮಧ್ಯಾಹ್ನದವರೆಗೂ ಬೈದ. ಊಟದ ಹೊತ್ತಿಗೆ ನಿನ್ನ ಮಾವ ಮೆಲ್ಲಗೆ, "ನಿಮ್ಮಪ್ಪನೇ ಕಣಯ್ಯಾ" ಅಂದರು. ಮಾರನೇ ದಿನ ಬಂದವನು, ಆ ಕಾಲದ ಸಿಮೆಂಟೇ ಸರಿಯಿರಲಿಲ್ಲ ಅಂತ ತೀರ್ಪು ಕೊಟ್ಟ. ಹೊಳೆಯುವ ಟೈಲ್ಸ್ ಅಂಟಿಸೋಣ ಅಂತಲೂ ಬಂದ. ಇದು ಮನೆ, ಸ್ನಾನದ ಕೋಣೆಯಲ್ಲ ಅಂತ ನಾನೇ ಗದರಿಸಿದೆ. ಈಗ ಮತ್ತೆ ಸುಣ್ಣದ ಗಾರೆಯನ್ನೇ ಹಾಕುತ್ತಿದ್ದಾನೆ. ಅದು ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದಂತೆ. ಅದಕ್ಕೆ ಗೋಡೆಯ ತುಂಬ ಒದ್ದೆ ಗೋಣಿ ಇಳಿಬಿಟ್ಟಿದ್ದೇವೆ. ಎದುರುಮನೆಯವರು, "ಏನು, ಮನೆಗೆ ಜ್ವರಾನಾ?" ಅಂತ ಕೇಳಿ ನಕ್ಕರು.

ಇನ್ನು ಪಕ್ಕದ ಕೋಣೆ. ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗದಲ್ಲಿ ಪಾಯ ತೆಗೆದು, ಗೋಡೆ ಎದೆಮಟ್ಟಕ್ಕೆ ಬಂದಿದೆ. ಯಾರಿಗೆ ಈ ಕೋಣೆ ಅಂದರೆ ನಿನ್ನ ಮಾವ ಹಳೇ ಸಾಮಾನಿಗೆ ಅನ್ನುತ್ತಾರೆ. ಹಳೇ ಸಾಮಾನಿಗೆ ಎರಡು ಕಿಟಕಿ, ಅದಕ್ಕೊಂದು ಬಚ್ಚಲು ಯಾಕೆ ಅಂತ ಕೇಳಿದರೆ, "ನೀನೇನು ಇಂಜಿನಿಯರಾ?" ಅಂತ ನನ್ನ ಮೇಲೇ ತಿರುಗಿಬೀಳುತ್ತಾರೆ.

ನೀನು ಬರೆದದ್ದನ್ನು ಮರೆತಿದ್ದೇನೆ ಅಂದುಕೊಳ್ಳಬೇಡ. ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರು ಮದುವೆಯಾಗೋಣವೇ ಅಂತ ಕೇಳಿದ್ದಾರೆ, ನಿಮ್ಮಿಬ್ಬರಲ್ಲಿ ಒಬ್ಬರು ಬೇಡ ಅಂದರೂ ಈ ಮಾತನ್ನು ಮತ್ತೆ ಎತ್ತುವುದಿಲ್ಲ ಅಂತ ಬರೆದಿದ್ದೆ. ನಿನ್ನ ಮಾವ ಅದನ್ನು ಓದಿ ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಆ ಉಬ್ಬಿದ ಗೋಡೆಯ ಮುಂದೆ ನಿಂತರು. ಮಾರನೇ ದಿನವೇ ಮೇಸ್ತ್ರಿಯನ್ನು ಕರೆಸಿದ್ದು. ಅವತ್ತಿನಿಂದ ಆ ವಿಷಯ ಎತ್ತಿದರೆ ಮರಳು ಬಂತು, ಇಟ್ಟಿಗೆ ಬರಲಿಲ್ಲ ಅಂತ ಹಾರಿಕೆ ಉತ್ತರ. ನನ್ನದನ್ನು ಹೇಳಿಬಿಡುತ್ತೇನೆ. ಓದಿದಾಗ ನನಗೆ ಸಿಟ್ಟು ಬಂತು. ನಿನ್ನ ಮೇಲಲ್ಲ. ತೀರಿಕೊಂಡ ನನ್ನ ಮಗನ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುತ್ತಾರಲ್ಲ, ಪುಟ್ಟಿ ಅವರನ್ನು ಅಪ್ಪಾ ಅಂತ ಕರೆಯುತ್ತಾಳಲ್ಲ ಅಂತ ಹೊಟ್ಟೆ ಉರಿಯಿತು. ಹೋದ ಸಲ ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೀನೊಬ್ಬಳೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆಯಲ್ಲ, ಅದನ್ನು ನೆನೆದ ಮೇಲೆ ಉರಿ ಇಳಿಯಿತು. ನನ್ನ ಒಪ್ಪಿಗೆ ಇದೆ. ಆದರೆ ನನ್ನೊಬ್ಬಳ ಒಪ್ಪಿಗೆ ಹಿಡಿದು ಹೆಜ್ಜೆ ಇಡುವವಳು ನೀನಲ್ಲ. ನನಗಿರುವ ಭಯ ಇಷ್ಟೇ: ಈ ಕೋಣೆ ತೋರಿಸಿ, ಅದೆಲ್ಲ ಬೇಡ, ಕೆಲಸ ಬಿಟ್ಟು ಮಗುವಿನ ಜೊತೆ ಇಲ್ಲಿಗೇ ಬಂದುಬಿಡು ಅನ್ನುತ್ತಾರೇನೋ. ಅವರು ಹಾಗಂದರೆ ನೀನು ಇಲ್ಲ ಅನ್ನಲಾರೆ. ಅವರು ಬಾಯಿ ಬಿಡುವವರೆಗೆ ಇನ್ನು ಸ್ವಲ್ಪ ತಾಳು, ಅಷ್ಟೇ ನಾನು ಹೇಳಬಹುದಾದದ್ದು.

ಗೋಣಿಗೆ ನೀರು ಚಿಮುಕಿಸುವ ಪಾಳಿ ನನ್ನದು, ಏಳುತ್ತೇನೆ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿನಗೆ ನಮ್ಮಿಬ್ಬರ ಆಶೀರ್ವಾದ. ಅವರದನ್ನು ಕೇಳದೆಯೇ ಸೇರಿಸಿದ್ದೇನೆ.

ಇಂತಿ
ನಿನ್ನ ಅತ್ತೆ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಹೊರಗಿನಿಂದ ಕರೆದರು. ಬಡಗಿ ಬಂದು ನಿಂತಿದ್ದ, ಹೊಸ ಕೋಣೆಯ ಬಾಗಿಲ ಚೌಕಟ್ಟಿಗೆ ಅಳತೆ ಬೇಕಂತೆ. ಮನೆಯ ಉಳಿದ ಬಾಗಿಲಷ್ಟೇ ಎತ್ತರ ಸಾಕಲ್ಲ ಅಂದೆ. ನಿನ್ನ ಮಾವ ಟೇಪನ್ನು ಎಳೆದು, ಬಿಟ್ಟು, ನನ್ನ ಮುಖ ನೋಡದೆ, "ಅವೆಲ್ಲ ನಮ್ಮಂಥ ಗಿಡ್ಡರಿಗೆ. ಆ ಉಗ್ರಾಣದವರು ಎಷ್ಟೆತ್ತರ ಇದ್ದಾರೆ ಅಂತ ಹುಡುಗೀನ ಕೇಳು. ರಜೆಗೆ ಮೂರು ಜನಾನೂ ಬಂದಾಗ ಅವರಿಗೆ ತಲೆ ತಾಗಬಾರದು" ಅಂದರು. ಬಡಗಿಯನ್ನು ವಾಪಸ್ ಕಳಿಸಿದ್ದೇವೆ, ಬೇಗ ಬರೆ. ಅಳೆಯುವಾಗ ಶೂ ಬಿಚ್ಚಿಸಬೇಡ.