ಗೇಟಿನ ಹೊರಗೆ ನಿಲ್ಲುವ ಮನೆ

ಚಾಮರಾಜಪೇಟೆ, ಬೆಂಗಳೂರು
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಶೈಲಜ ಅತ್ತಿಗೆಗೆ ಶಿವಕುಮಾರಿಯ ಶರಣು.

ಮಂಡಿನೋವು ಹೇಗಿದೆ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀರಾ, ಇಲ್ಲಾ ಟಿ.ವಿ. ಮುಂದೆ ಕಾಲು ಚಾಚಿ ಕೂತು ಅದನ್ನೇ ವ್ಯಾಯಾಮ ಅನ್ನುತ್ತಿದ್ದೀರಾ? ನಿಮ್ಮ ಯಜಮಾನರ ಸಕ್ಕರೆ ಹತೋಟಿಯಲ್ಲಿದೆಯೇ? ನಾವು ಚೆನ್ನಾಗಿದ್ದೇವೆ. ಸೊಗಡವರೆ ಬಂದಿದೆ. ನಿಮ್ಮ ತಮ್ಮ ಹಿತಕಿದ ಬೇಳೆ ಸಾರಿಗೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಳ್ಳುತ್ತಾರೆ, ಆಮೇಲೆ ಹೊಟ್ಟೆ ಉಬ್ಬರ ಅಂತ ನನ್ನ ಮೇಲೆ ರೇಗುತ್ತಾರೆ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡಿ. ಫೋನಿನಲ್ಲಿ ನಿಮ್ಮ ತಮ್ಮನ ಹೆಸರೆತ್ತಿದರೆ ಸಾಕು, ಮೂಲ್ಕಿಯಲ್ಲಿ ನಿಮ್ಮ ಕುಕ್ಕರ್ ಕೂಗಲು ಶುರುವಾಗುತ್ತದೆ, ನೀವು ಫೋನ್ ಇಟ್ಟುಬಿಡುತ್ತೀರಿ. ಕಾಗದ ಕೈಗೆ ಬಂದರೆ ನೀವು ಪೂರ್ತಿ ಓದದೆ ಇರುವವರಲ್ಲ, ನನಗೆ ಗೊತ್ತು.

ಜನವರಿ ಮೊದಲ ವಾರ ನಾವು ನಿಮ್ಮ ಕಡೆ ಹೊರಟಿದ್ದೇವೆ ಅತ್ತಿಗೆ. ಬಸ್ಸಲ್ಲ, ರೈಲಲ್ಲ, ಕ್ಯಾರವಾನ್! ನಮ್ಮ ಮಗಳು ಶರಣ್ಯಳ ಏರ್ಪಾಡು. ಒಂದು ವ್ಯಾನಿನೊಳಗೆ ಮಂಚ, ಒಲೆ, ಪುಟ್ಟ ಫ್ರಿಜ್, ಬಚ್ಚಲು, ಎಲ್ಲ ಇರುತ್ತದೆಯಂತೆ. ಹೋದ ವಾರ ನೋಡಿಕೊಂಡು ಬರಲು ಹೋಗಿದ್ದೆವು. ನಿಮ್ಮ ತಮ್ಮ ಹೆಣ್ಣು ನೋಡಲು ಹೋದವರ ಹಾಗೆ ಇಸ್ತ್ರಿ ಪಂಚೆ ಉಟ್ಟು ಬಂದರು. ಒಲೆಯ ಬೆನ್ನಿಗೇ ಬಚ್ಚಲು ಎಂದು ತಿಳಿದು ಮುಖ ಹುಳ್ಳಗೆ ಮಾಡಿಕೊಂಡರು. ಲಿಂಗಪೂಜೆಗೆ ಎಲ್ಲಿ ಕೂರುವುದು ಎಂದು ಕೇಳಿದರು. ಮಂಚದ ಮೇಲೆ ಮಲಗಿ ನೋಡಿ, ತಲೆ ಉತ್ತರಕ್ಕೆ ಬಂತಲ್ಲ ಅಂತ ಎದ್ದು ಕೂತರು. ಗಾಡಿಯ ಡ್ರೈವರ್ ಸತೀಶ್ ಬಲು ತಾಳ್ಮೆಯ ಹುಡುಗ. "ಸಾರ್, ರಾತ್ರಿ ನಿಲ್ಸೋವಾಗ ನಿಮ್ಗೆ ಯಾವ್ ದಿಕ್ಕು ಬೇಕೋ ಆ ದಿಕ್ಕಿಗೇ ತಿರುಗ್ಸಿ ನಿಲ್ಲಿಸ್ತೀನಿ ಬಿಡಿ" ಅಂದ. ಜೀವಮಾನದಲ್ಲಿ ಇಂಥ ವಾಸ್ತು ಯಾವ ಮನೆಗೂ ಸಿಕ್ಕಿರಲಿಲ್ಲ ಎಂದು ನಿಮ್ಮ ತಮ್ಮ ಆಗಲೇ ಒಪ್ಪಿಬಿಟ್ಟರು.

ಮಂಗಳೂರಿನವರೆಗೆ ಒಂದೇ ಓಟ. ಅಲ್ಲಿಂದ ಮುಂದೆ ಸಮುದ್ರದ ಪಕ್ಕದಲ್ಲೇ ನಿಧಾನವಾಗಿ ತಣ್ಣೀರುಬಾವಿ, ಸುರತ್ಕಲ್, ಸಸಿಹಿತ್ಲು ದಾಟಿ ಬರುವುದು. ನಮ್ಮೂರಲ್ಲಿ ಬೆಳಿಗ್ಗೆ ಸಮುದ್ರ ಕೇಳಿಸುತ್ತೆ, ಕಾಣಿಸಲ್ಲ, ಅಷ್ಟು ಮಂಜು ಅಂತ ನೀವೇ ಹೇಳಿದ್ದಿರಲ್ಲ, ಅದನ್ನು ಸತೀಶನಿಗೂ ಹೇಳಿದೆ. ಮಂಜು ಬಿಡುವವರೆಗೆ ಗಾಡಿ ಕದಲಿಸುವುದಿಲ್ಲ ಅಂದಿದ್ದಾನೆ. ಇವರು ಈಗಲೇ ಮಂಕಿ ಟೋಪಿ ಹುಡುಕಿಟ್ಟುಕೊಂಡಿದ್ದಾರೆ. ಕರಾವಳಿಯಲ್ಲಿ ಬೆವರು ಸುರಿಯುತ್ತೆ ಎಂದರೆ ಕೇಳುವವರು ಯಾರು? ನಾನು ಹುರಿಗಾಳು, ಕೋಡುಬಳೆ, ಚಟ್ನಿಪುಡಿ ಡಬ್ಬಿಗಳಿಗೆ ತುಂಬುತ್ತಿದ್ದೇನೆ. ಆ ಗಾಡಿಯಲ್ಲಿ ಒಗ್ಗರಣೆ ಹಾಕಿದರೆ ಎಲ್ಲರೂ ಸೀನುತ್ತ ಹೊರಗೆ ಓಡಬೇಕು, ಅಷ್ಟು ಚಿಕ್ಕದು.

ಇಷ್ಟೆಲ್ಲ ಬಿಟ್ಟು ಮೂಲ್ಕಿಗೆ ಬಂದು ಅಕ್ಕನ ಮನೆಯಲ್ಲಿ ಇಳಿದುಕೊಳ್ಳಬಾರದೇ ಅಂತ ಯಾರಾದರೂ ಕೇಳಿಯಾರು. ನೀವು ಕೇಳುವುದಿಲ್ಲ, ನಿಮಗೆ ಗೊತ್ತು. ಆ ವರ್ಷ ಮಳೆಗಾಲಕ್ಕೆ ಮಗಳ ಹತ್ತಿರ ಇದ್ದು ಬರುತ್ತೇನೆಂದು ನಿಮ್ಮ ಮನೆಗೆ ಬಂದ ಅಮ್ಮ ಅಲ್ಲೇ ಲಿಂಗೈಕ್ಯರಾದರು. ಘಾಟಿಯಲ್ಲಿ ಗುಡ್ಡ ಕುಸಿದು ನಾವು ದಾರಿಯಲ್ಲೇ ಸಿಕ್ಕಿಕೊಂಡೆವು. ಆ ಮಳೆಯಲ್ಲಿ ನೀವು ಎಷ್ಟು ಹೊತ್ತು ತಾನೇ ಕಾಯುತ್ತೀರಿ? ನಿಮ್ಮ ಹಿತ್ತಲಲ್ಲೇ ಮಣ್ಣು ಮಾಡಿದಿರಿ. ಇಲ್ಲಿ ರುದ್ರಭೂಮಿಯಲ್ಲಿ ಅಪ್ಪನ ಪಕ್ಕದ ಜಾಗ ಹಾಗೇ ಉಳಿಯಿತು. ಮರುದಿನ ಬಂದು ತಲುಪಿದ ಇವರು ಗೇಟಿನ ಹೊರಗೇ ನಿಂತು, "ಮುಖ ನೋಡೋಕೂ ಬಿಡ್ಲಿಲ್ಲ, ಒಂದು ಹಿಡಿ ಮಣ್ಣು ಹಾಕೋಕೂ ಬಿಡ್ಲಿಲ್ಲ. ಇನ್ಮೇಲೆ ನಿನ್ ಹೊಸ್ತಿಲು ತುಳಿಯಲ್ಲ" ಅಂದುಬಿಟ್ಟರು. ನೀವೇನು ಕಡಿಮೆಯೇ? ಅವನಾಗಿಯೇ ಕರೆಯುವ ತನಕ ತವರಿಗೆ ಕಾಲಿಡಲ್ಲ ಅಂದಿರಿ. ಅಕ್ಕ ತಮ್ಮ ಇಬ್ಬರದೂ ಒಂದೇ ಜಾತಿಯ ಹಟ. ನಡುವೆ ಸಿಕ್ಕಿಕೊಂಡು ಇಷ್ಟು ವರ್ಷ ಸೊರಗಿದವಳು ನಾನು.

ಈಗ ನಿಮ್ಮ ಡಾಕ್ಟರು ದೂರದ ಪ್ರಯಾಣ ಬೇಡವೆಂದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಇವರು ಬರುವುದಿಲ್ಲ, ನೀವು ಬರಲಾರಿರಿ. ಹೀಗೇ ಮುಗಿದುಹೋಗುತ್ತದೆ ಎಂದು ಭಯವಾಯಿತು. ಅದಕ್ಕೇ ನಾನೂ ಶರಣ್ಯಳೂ ಸೇರಿ ಈ ಉಪಾಯ ಮಾಡಿದೆವು. ಗಾಡಿ ನಿಮ್ಮ ಗೇಟಿನ ಹೊರಗೆ ನಿಲ್ಲುತ್ತದೆ. ನಾವು ಇರುವ ಮೂರು ದಿನ ಅದೇ ನಮ್ಮ ಮನೆ, ಅಂದರೆ ನಿಮ್ಮ ತವರು. ಅದರ ಬಾಗಿಲಿಗೆ ನಾನು ಅರಿಶಿನ ಕುಂಕುಮ ಹಚ್ಚುತ್ತೇನೆ. ನೀವು ಒಳಗೆ ಬಂದು ಕೂತರೆ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಇಟ್ಟು ಮಡಿಲು ತುಂಬುತ್ತೇನೆ. ತವರಿನ ಮಡಿಲಕ್ಕಿ ಕಾಣದೆ ನಿಮಗೂ ಎಷ್ಟು ಕಾಲವಾಯಿತು! ಇವರಿಗೆ ಹೇಳಿದಾಗ ಓದುತ್ತಿದ್ದ ಪೇಪರನ್ನು ನಾಲ್ಕಾಗಿ ಮಡಿಸಿಟ್ಟರು. ಆಮೇಲೆ, "ಹೊಸ್ತಿಲು ತುಳಿಯಲ್ಲ ಅಂದಿದ್ದು ನಿಜ. ರೋಡಲ್ಲಿ ಗಾಡಿ ನಿಲ್ಸಲ್ಲ ಅಂತೇನೂ ಅಂದಿಲ್ವಲ್ಲ" ಅಂದರು. ಪೇಟೆಯಲ್ಲಿ ವ್ಯಾಪಾರ ಮಾಡಿದವರಿಗೆ ಮಾತಿನ ಸಂದು ಚೆನ್ನಾಗಿ ಗೊತ್ತಿರುತ್ತದೆ. ನೀವು ಬರುತ್ತೀರಿ ತಾನೇ? ಗೇಟಿನ ತನಕ ಅಷ್ಟೇ ಅತ್ತಿಗೆ. ಬರದಿದ್ದರೆ ನಾನು ಆ ಗಾಡಿಯ ಒಲೆ ಹಚ್ಚುವುದಿಲ್ಲ, ಅಲ್ಲೇ ಉಪವಾಸ ಕೂರುತ್ತೇನೆ.

ಯಜಮಾನರಿಗೆ ನನ್ನ ನಮಸ್ಕಾರ. ಶರಣ್ಯ ಅತ್ತೆಗೆ ಮುತ್ತು ಕಳಿಸಿದ್ದಾಳೆ. ಬೆಳಗಿನ ಮಂಜಿನಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಎಂದೆಂದಿಗೂ ನಿಮ್ಮ
ಶಿವಕುಮಾರಿ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ, ಹರಿದಿದ್ದಕ್ಕೆ ಬೇಸರ ಬೇಡ. ಇವರು ಈಗ ತಾನೇ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತು, "ಆ ಗಾಡಿ ಮೆಟ್ಟಿಲು ಎತ್ತರ ಕಣೇ. ಅವ್ಳು ಹೆಂಗೆ ಹತ್ತುತ್ತಾಳೆ?" ಎಂದು ಕೇಳಿದರು. ಆಮೇಲೆ ಗೋಡೆ ಕಡೆ ತಿರುಗಿಕೊಂಡು, "ಅವ್ಳು ಹತ್ತೋದು ಬೇಡ. ನಾನೇ ಒಳಗೆ ಬರ್ತೀನಿ ಅಂತ ಬರಿ" ಅಂದರು. ಅವರು ಬಂದಾಗ ಏನೂ ಕೇಳಬೇಡಿ ಅತ್ತಿಗೆ. ಕಾಫಿ, ತಿಂಡಿ ಎಲ್ಲ ಆಮೇಲೆ. ಮೊದಲು ಕೈ ಹಿಡಿದು ಹಿತ್ತಲಿಗೆ, ಅಮ್ಮನ ಹತ್ತಿರ ಕರೆದುಕೊಂಡು ಹೋಗಿ.